ಅಪ್ಪನ ಗಂಬೂಟು ಎತ್ತಿಡು

ಡಂಕ್ಯಾನನ್, ಪೆನ್ಸಿಲ್ವೇನಿಯಾ
ಜುಲೈ 27

ಅಮ್ಮ,

ನಾನು ಚೆನ್ನಾಗಿದ್ದೇನೆ. ನೀವೆಲ್ಲ ಚೆನ್ನಾಗಿದ್ದೀರಿ ಅಂತ ಬರೆಯಬೇಕು, ಆದರೆ ನಿನ್ನ ಕಾಗದ ಓದಿದ ಮೇಲೆ ಹಾಗೆ ಬರೆಯೋಕೆ ಆಗುತ್ತಿಲ್ಲ. ಅಕ್ಕ ಅದರ ಫೋಟೋ ತೆಗೆದು ಕಳಿಸಿ ಐದು ದಿನ ಆಗಿದೆ. ಕಾಡಿನಲ್ಲಿ ಸಿಗ್ನಲ್ ಇರಲಿಲ್ಲ, ನಿನ್ನೆ ಸಂಜೆ ಈ ಊರಿಗೆ ಇಳಿದ ಮೇಲೆ ನೋಡಿದೆ. ಸೊಂಟದ ಮೂಳೆಗೆ ರಾಡ್ ಹಾಕಿ ಇನ್ನೂ ಆರು ವಾರ. ಅಷ್ಟರಲ್ಲೇ ಅಪ್ಪ ವಾಕರ್ ಬಿಟ್ಟು, ಒಂದು ಕೋಲು ಹಿಡಿದು, ಆ ಮಳೆಯಲ್ಲಿ ಅಡಿಕೆಗೆ ಔಷಧಿ ಹೊಡೆಯುವುದನ್ನು ನೋಡಲು ಕೆಳಗಿನ ತೋಟಕ್ಕೆ ಒಬ್ಬರೇ ಇಳಿದಿದ್ದಾರೆ! ಮನೆ ಅಂಗಳದ ಪಾಚಿ ಮೇಲೇ ಜಾರಿ ಬಿದ್ದವರು ಅವರು. ತೋಟದ ದಾರಿ ಅದಕ್ಕಿಂತ ಒಳ್ಳೆಯದಾ? ಮಂಜಣ್ಣ ಏನು ಮಾಡುತ್ತಿದ್ದ?

ಸರಿ, ಮೊದಲು ನಡಿಗೆ ಎಲ್ಲಿಂದ ಶುರು ಮಾಡಿದೆ ಅಂತ ನೀನು ಕೇಳಿದ್ದಕ್ಕೆ ಉತ್ತರ. ಹಾರ್ಪರ್ಸ್ ಫೆರ್ರಿಯಲ್ಲಿ ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದಲೇ ಶುರು ಮಾಡಿದೆ. ಅಮೆರಿಕದ ಈ ಅಪಲಾಚಿಯನ್ ಕಾಲುದಾರಿಯುದ್ದಕ್ಕೂ ಮರಕ್ಕೆ, ಬಂಡೆಗೆ, ಕಂಬಕ್ಕೆ ಬಿಳಿ ಪಟ್ಟಿ ಬಳಿದಿರುತ್ತಾರೆ. ಅದನ್ನೇ ನೋಡಿಕೊಂಡು 14 ರಾಜ್ಯ, ಸುಮಾರು 3,500 ಕಿ.ಮೀ. ನಡೆಯುವುದು. ಅಪ್ಪ ಬಿದ್ದರು ಅಂತ ಜೂನಿನಲ್ಲಿ ಭಾವನ ಫೋನ್ ಬಂದಾಗ 1,650 ಮುಗಿದಿತ್ತು. ಒಂದು ಪಟ್ಟಿಯನ್ನು ಮುಟ್ಟಿ ಊರಿಗೆ ಬರಲು ರೈಲು ಹತ್ತಿದ್ದೆ, ಈಗ ಬಂದು ಅದನ್ನೇ ಮುಟ್ಟಿ ಬ್ಯಾಗ್ ಹೊತ್ತೆ. ಒಂದು ಗಂಟೆಯೊಳಗೆ ಏದುಸಿರು. ಮೂರು ತಿಂಗಳು ನಡೆದು ಗಟ್ಟಿಯಾಗಿದ್ದ ಕಾಲನ್ನು ನಿನ್ನ ಕಡುಬು, ಅಕ್ಕಿರೊಟ್ಟಿ, ಕಳಲೆ ಪಲ್ಯ ನಾಲ್ಕೇ ವಾರದಲ್ಲಿ ಮೆತ್ತಗೆ ಮಾಡಿಬಿಟ್ಟಿವೆ. ಬೈಯುತ್ತಿಲ್ಲ. ದಿನಕ್ಕೆ 30 ಕಿ.ಮೀ. ನಡೆಯುತ್ತಿದ್ದವಳು ಅವತ್ತು 12ಕ್ಕೇ ಕೂತೆ.

ಜೊತೆಗಿದ್ದವರೆಲ್ಲ ಎಷ್ಟೋ ಮುಂದೆ ಹೋಗಿದ್ದಾರೆ. ರಾತ್ರಿ ಮಲಗೋಕೆ ಅಲ್ಲಲ್ಲಿ ಮೂರೇ ಗೋಡೆಯ ಮರದ ಶೆಡ್ ಇರುತ್ತವೆ, ಒಳಗೊಂದು ನೋಟ್‌ಬುಕ್. ಜೂನ್ ತಿಂಗಳ ಪುಟ ತಿರುವಿದರೆ ಅವರ ಅಕ್ಷರ. 'ಫಿಲ್ಟರ್, ನಿಮ್ಮಪ್ಪ ಹೇಗಿದ್ದಾರೆ?' ಅಂತ ಬರೆದಿಟ್ಟು ಹೋಗಿದ್ದರು. ಫಿಲ್ಟರ್ ಅಂದರೆ ನಾನೇ. ಇಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ, ಜೊತೆಯವರು ಇಟ್ಟಿದ್ದೇ ಹೆಸರು. ಹೊಸಬರು ನೀರಿನ ಫಿಲ್ಟರ್ ಅಂದುಕೊಳ್ಳುತ್ತಾರೆ, ಆಮೇಲೆ ನಾನು ಸ್ಟೀಲಿನ ಕಾಫಿ ಫಿಲ್ಟರ್ ತೆಗೆದಾಗ ಮುಖ ನೋಡಬೇಕು. ಭಾರ ಕಮ್ಮಿ ಆಗಲಿ ಅಂತ ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೇ ಕತ್ತರಿಸುವ ಜನ ಇವರು. ನಾನು ನಮ್ಮ ತೋಟದ ಪುಡಿ ಅರ್ಧ ಕೆಜಿ ಹೊತ್ತು ನಡೆಯುತ್ತಿದ್ದೇನೆ.

ಪೈನ್ ಗ್ರೋವ್ ಫರ್ನೆಸ್ ಅಂತ ಒಂದು ಜಾಗ, ದಾರಿಯ ಅರ್ಧ ಅಲ್ಲಿಗೆ. ಅರ್ಧ ದಾಟಿದವರು ಅಲ್ಲಿನ ಅಂಗಡಿಯಲ್ಲಿ ಅರ್ಧ ಗ್ಯಾಲನ್, ಅಂದರೆ ಎರಡು ಲೀಟರಿಗೆ ಹತ್ತಿರ ಐಸ್‌ಕ್ರೀಮನ್ನು ಒಬ್ಬರೇ ತಿಂದು ಮುಗಿಸಬೇಕು. ಗೆದ್ದರೆ ಬಹುಮಾನ ಒಂದು ಮರದ ಚಮಚ! ನಾನು ಅರ್ಧಕ್ಕೇ ಕೈಮುಗಿದೆ. ಹೊಟ್ಟೆಗೇನೂ ಆಗಿಲ್ಲ.

ಕರಡಿ ನೋಡಿದೆಯಾ ಅಂತ ಕೇಳಿದ್ದೀಯ. ಎರಡು ನೋಡಿದೆ, ಎರಡೂ ನನ್ನನ್ನು ನೋಡಿ ಓಡಿದವು. ಊಟದ ಚೀಲ ಮರಕ್ಕೆ ನೇತು ಹಾಕಿ ಮಲಗುತ್ತೇವೆ. ಮೂಡಿಗೆರೆ ಕಡೆ ಕಾಫಿ ತೋಟದೊಳಗೆ ಆನೆ ನಿಂತಿರುತ್ತದೆ ಅಂತ ಹೇಳಿದರೆ ಇವರು ನನ್ನನ್ನೇ ವಿಚಿತ್ರವಾಗಿ ನೋಡುತ್ತಾರೆ. ಇಂಬಳದ ಕಾಟ ಇಲ್ಲ, ಉಣುಗು ಇದೆ. ಮಂಗನ ಕಾಯಿಲೆ ಅಲ್ಲ, ಇಲ್ಲಿನದು ಲೈಮ್ ಅಂತ ಬೇರೆ ಕಾಯಿಲೆ. ಬಟ್ಟೆಗೆ ಔಷಧಿ ಹೊಡೆದುಕೊಂಡು ದಿನಾ ರಾತ್ರಿ ಮೈ ನೋಡಿಕೊಳ್ಳುತ್ತೇನೆ.

ಈಗ ಅಪ್ಪನ ವಿಷಯ. ವಾಕರ್ ಹಿಡಿದರೆ ಮುದುಕ ಅಂತಾರೆ ಅನ್ನೋದೇ ಅಲ್ವಾ ಅವರ ಕಷ್ಟ? ಇಲ್ಲಿ ಇಪ್ಪತ್ತು ವರ್ಷದ ಗಟ್ಟಿ ಹುಡುಗರು ಎರಡೂ ಕೈಯಲ್ಲಿ ಕೋಲು ಹಿಡಿದು ನಡೆಯುತ್ತಾರೆ. ನಾನೂ ಅಷ್ಟೇ. ಇನ್ನೊಂದು ಹೇಳು. ಎಮ್ಮಾ ಗೇಟ್‌ವುಡ್ ಅಂತ ಒಬ್ಬ ಅಜ್ಜಿ, 11 ಮಕ್ಕಳ ತಾಯಿ. 1954ರಲ್ಲಿ ಇದೇ ದಾರಿಗೆ ಬಂದು, ದಾರಿ ತಪ್ಪಿ, ಕನ್ನಡಕ ಒಡೆದುಕೊಂಡು ಮನೆಗೆ ಹೋದರು. ಮರುವರ್ಷ ಮಕ್ಕಳಿಗೆ ಸುಮ್ನೆ ವಾಕಿಂಗ್ ಹೋಗುತ್ತೇನೆ ಅಂತ ಹೇಳಿ ಬಂದು, 67ನೇ ವಯಸ್ಸಿನಲ್ಲಿ, ಕ್ಯಾನ್ವಾಸ್ ಶೂನಲ್ಲಿ ಪೂರ್ತಿ ಮುಗಿಸಿದರು. ಅಪ್ಪನಿಗೂ 67. ವಾಪಸ್ ಹೋಗಿ ಮನೆಯಲ್ಲಿ ಕೂತಿದ್ದನ್ನು ಒತ್ತಿ ಹೇಳು, ಇಲ್ಲದಿದ್ದರೆ ಶೂ ಕೇಳುತ್ತಾರೆ.

ಈ ಸಾಲು ಅವರಿಗೆ ಓದಬೇಡ. ನೀನು 'ಬಾ' ಅಂತ ಬರೆದಿಲ್ಲ, 'ನಿನ್ನ ಕೆಲಸ ನೋಡಿಕೋ' ಅಂತ ಬರೆದಿದ್ದೀಯ. ಅದನ್ನು ಓದಿಯೇ ನನಗೆ ಜಾಸ್ತಿ ಭಯ ಆಯಿತು. ರಾತ್ರಿಯೆಲ್ಲ ನಿದ್ದೆ ಬರಲಿಲ್ಲ, ಇಷ್ಟು ಬೇಗ ವಾಪಸ್ ಬಂದಿದ್ದು ತಪ್ಪಾಯಿತಾ ಅಂತ. ಫಿಸಿಯೋ ಹುಡುಗ ಬರುತ್ತಿದ್ದಾನಾ? ಕಾಲು ಊದಿದೆಯಾ? ಜ್ವರ ಇದೆಯಾ? ಬೇಕು ಅಂದರೆ ಒಂದು ಮೆಸೇಜ್ ಹಾಕಿಸು, ಇಲ್ಲಿಂದಲೇ ಹೊರಟು ಬರುತ್ತೇನೆ, ದಾರಿ ಎಲ್ಲೂ ಓಡಿಹೋಗುವುದಿಲ್ಲ.

ಬೇಡ ಅಂದರೆ ನಡೆಯುತ್ತೇನೆ. ಕೊನೆಯ ಬೆಟ್ಟ ಕಟಾಡಿನ್‌ನಲ್ಲಿ ಅಕ್ಟೋಬರ್ 15ರ ನಂತರ ಕ್ಯಾಂಪಿಂಗ್‌ಗೆ ಬಿಡುವುದಿಲ್ಲ. ಇನ್ನೂ 1,700 ಕಿ.ಮೀ. ಇದೆ, ದಿನಕ್ಕೆ 22 ಆದರೆ ಸಾಕು. ಇಲ್ಲಿಂದ ಮುಂದೆ ಬರೀ ಚೂಪು ಕಲ್ಲಂತೆ, ಪೆನ್ಸಿಲ್ವೇನಿಯಾಕ್ಕೆ 'ರಾಕ್ಸಿಲ್ವೇನಿಯಾ' ಅಂತಲೇ ಅಡ್ಡಹೆಸರು. ಮೊನ್ನೆ ಮಂಡಿ ಸ್ವಲ್ಪ ಊದಿತ್ತು, ಈಗ ಇಳಿದಿದೆ. ನಿಜವಾಗಲೂ ಇಳಿದಿದೆ. ನನ್ನ ಬಗ್ಗೆ ಒಂದು ಚೂರೂ ಯೋಚನೆ ಮಾಡಬೇಡ.

ಮಳೆ ನಿಂತಿತು, ಜೊತೆಗೆ ಹೊರಟವರು ಕರೆಯುತ್ತಿದ್ದಾರೆ. ಸೇತುವೆ ದಾಟಿದರೆ ಹತ್ತುವುದೇ. ಅಪ್ಪನ ಗಂಬೂಟು ಅಟ್ಟದ ಮೇಲೆ ಎತ್ತಿಡು. ಮಂಜಣ್ಣನಿಗೆ ಕೊಟ್ಟರೆ ಆ ಪುಣ್ಯಾತ್ಮ ವಾಪಸ್ ತಂದು ಅಪ್ಪನ ಕೈಗೇ ಕೊಡುತ್ತಾನೆ.

ನಿನ್ನ
ಪುಟ್ಟಿ