ದೂರು ಪತ್ರ: ನನ್ನ ಮನೆಯ ಫೈಬರ್ ಲೈನನ್ನು ಮತ್ತೆ ಹಾಕಿಕೊಡಿ

ಗೆ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ಇಂದ,
ನಿಮ್ಮ ಬ್ರಾಡ್‌ಬ್ಯಾಂಡ್ ಗ್ರಾಹಕಿ, ಕುವೆಂಪುನಗರ, ಮೈಸೂರು

ವಿಷಯ: ಕಡಿದುಹೋದ ಫೈಬರ್ ಲೈನಿನ ಬದಲು 5ಜಿ ವೈರ್‌ಲೆಸ್ ಪೆಟ್ಟಿಗೆ ಕೂರಿಸಿರುವ ಬಗ್ಗೆ

ಮಾನ್ಯರೇ,

ನಾನು ಕರ್ನಾಟಕ ಸಂಗೀತ ಹೇಳಿಕೊಡುವವಳು. ಕೋವಿಡ್ ಕಾಲದಲ್ಲಿ ಆನ್‌ಲೈನ್ ಪಾಠ ಶುರುವಾಯಿತು, ಇವತ್ತಿಗೂ ನನ್ನ ಜೀವನ ಅದರಲ್ಲೇ ನಡೆಯುತ್ತಿದೆ. ಬೆಳಗ್ಗೆ ಆರೂವರೆಗೆ ಕ್ಯಾಲಿಫೋರ್ನಿಯಾದ ಮಕ್ಕಳು, ಸಂಜೆ ಏಳಕ್ಕೆ ದುಬೈ ಮಕ್ಕಳು. ನಿಮ್ಮ ಫೈಬರ್ ಇದ್ದಷ್ಟು ವರ್ಷ ಪಾಠ ನಿಂತದ್ದು ಕಡಿಮೆ. ಅದನ್ನು ಹೇಳದೆ ದೂರುವುದು ನ್ಯಾಯವಲ್ಲ.

ಜೂನ್ 9ರಂದು ಯುಜಿಡಿ (ಒಳಚರಂಡಿ) ಕೆಲಸಕ್ಕೆ ಬಂದ ಜೆಸಿಬಿ ನಮ್ಮ ರಸ್ತೆಯ ಕೇಬಲ್ ಕಿತ್ತುಹಾಕಿತು. ಐದು ದಿನ ಫೋನ್ ಮಾಡಿದ ಮೇಲೆ ನಿಮ್ಮ ಕಡೆಯ ಹುಡುಗ ಬಂದ. ‘ಮೇಡಂ, ಈಗ ವೈರ್ ಎಳೆಯೋದು ಲೇಟಾಗತ್ತೆ. ಟವರಿಂದ ಬರೋದು ಹಾಕ್ತೀನಿ, ಅದೂ ಫೈಬರ್ರೇ, ಸ್ಪೀಡೂ ಅದೇ ನೂರು’ ಎಂದ. ನಂಬಿದೆ. ತಾರಸಿಯ ಮೇಲೆ ಬಿಳಿ ಪೆಟ್ಟಿಗೆ ಕೂತಿತು.

ಅದು ಫೈಬರ್ ಅಲ್ಲ. ಫೈಬರಿನಲ್ಲಿ ಗಾಜಿನ ಎಳೆಯೊಳಗೆ ಬೆಳಕು ಮನೆಯ ಒಳಗಿನವರೆಗೂ ಬರುತ್ತದೆ. ಈ ಪೆಟ್ಟಿಗೆಗೆ ಬರುವುದು ಮೊಬೈಲಿಗೆ ಬರುವ ಅದೇ ಟವರಿನ ಸಿಗ್ನಲ್. ಸುತ್ತಲಿನವರ ಫೋನುಗಳ ಜೊತೆ ಅದನ್ನು ಹಂಚಿಕೊಳ್ಳಬೇಕು. ಬೆಳಗಿನ ಪಾಠಕ್ಕೆ ತೊಂದರೆಯೇ ಇಲ್ಲ, ಊರು ಆಗಿನ್ನೂ ಮಲಗಿರುತ್ತದೆ. ಸಂಜೆ ಎಲ್ಲರೂ ಮನೆಗೆ ಬಂದು ಫೋನು ಹಿಡಿಯುವ ಹೊತ್ತಿಗೆ ನನ್ನ ದನಿ ತುಂಡಾಗುತ್ತದೆ.

ವೈಫೈ ತೊಂದರೆ ಇರಬಹುದೆಂದು ಮಗ ಲ್ಯಾಪ್‌ಟಾಪಿಗೆ ನೇರವಾಗಿ ಕೇಬಲ್ ಹಾಕಿ ನೋಡಿದ. ಸಂಜೆ ಏಳೂವರೆಗೆ ಡೌನ್‌ಲೋಡ್ 40 ಎಂಬಿಪಿಎಸ್ ಇದೆ, ಅಪ್‌ಲೋಡ್ 2 ದಾಟುವುದಿಲ್ಲ. ಪಿಂಗ್, ಅಂದರೆ ಸಂಕೇತ ಹೋಗಿ ಮರಳಿ ಬರುವ ಸಮಯ, ಒಮ್ಮೆ 30 ಮಿಲಿಸೆಕೆಂಡ್, ಮರುಕ್ಷಣ 300. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗಲಿಕ್ಕಿಲ್ಲ, ಯಾಕೆಂದರೆ ಅವರು ಬರೀ ಪಡೆಯುವವರು. ನಾನು ಕಳಿಸುವವಳು. ತೋಡಿ ರಾಗದ ಗಾಂಧಾರ ಸ್ವರವನ್ನು ತೂಗಿ ಹಾಡಿದರೆ ಆ ಕಡೆಯ ಮಗುವಿಗೆ ಮೊದಲ ಚೂರು ಕೇಳಿ, ಮಧ್ಯೆ ಏನೂ ಇಲ್ಲದೆ, ಕೊನೆಯ ಚೂರು ಕೇಳುತ್ತದೆ. ಅದು ಹಾಗೇ ಕಲಿಯುತ್ತದೆ. ತಪ್ಪು ಕಲಿತ ಗಮಕವನ್ನು, ಅಂದರೆ ಸ್ವರವನ್ನು ತೂಗುವ ಆ ರೀತಿಯನ್ನು, ತಿದ್ದುವುದು ಎಷ್ಟು ಕಷ್ಟ ಎಂದು ಹೇಳಿಕೊಟ್ಟವರಿಗೇ ಗೊತ್ತು. ಇಬ್ಬರು ತಾಯಂದಿರು ಪಾಠ ಬಿಡಿಸಿದ್ದಾರೆ.

ಮೂರು ಸಲ ದೂರು ಕೊಟ್ಟೆ. ಪ್ರತಿ ಸಲವೂ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಎಂಬ ಮಾತು. ಯಾರೂ ಮನೆಗೆ ಬರಲಿಲ್ಲ, ಆದರೂ ‘ನಿಮ್ಮ ದೂರು ಬಗೆಹರಿದಿದೆ’ ಎಂಬ ಮೆಸೇಜು ಬಂತು. ಮನಸ್ಸಿಗೆ ಹೆಚ್ಚು ನೋವಾದದ್ದು ಆ ಸುಳ್ಳಿನಿಂದ. ಇದರ ಮೇಲೆ, ಫೈಬರಿನಲ್ಲಿ ತಿಂಗಳಿಗೆ 3,300 ಜಿಬಿ ಇದ್ದ ಮಿತಿ ಹೊಸ ಪೆಟ್ಟಿಗೆಯಲ್ಲಿ 1,000 ಜಿಬಿ ಆಗಿದೆ. ಹಣ ಮಾತ್ರ ಇಳಿದಿಲ್ಲ. ಆರು ತಿಂಗಳಿಗೆ 4,800 ರೂಪಾಯಿ, ಮೇಲೆ ಶೇ. 18 ಜಿಎಸ್‌ಟಿ, ಒಟ್ಟು 5,664 ರೂಪಾಯಿಯನ್ನು ಮೇ ತಿಂಗಳಲ್ಲೇ ಕಟ್ಟಿದ್ದೇನೆ.

ವೈರ್‌ಲೆಸ್ಸೇ ಕೆಟ್ಟದ್ದು ಎನ್ನುತ್ತಿಲ್ಲ. ಕಂಬವೂ ಕೇಬಲ್ಲೂ ಹೋಗದ ತೋಟದ ಮನೆಗಳಿಗೆ ಅದು ದೊಡ್ಡ ಉಪಕಾರ. ಆದರೆ ನಾನು ಕೇಳಿದ್ದು ಅದಲ್ಲ, ಹಣ ಕಟ್ಟಿದ್ದು ಅದಕ್ಕಲ್ಲ. ಹಿಂದಿನ ಬೀದಿಯ ಕಂಬದವರೆಗೆ ನಿಮ್ಮದೇ ಫೈಬರ್ ಈಗಲೂ ಇದೆ. ಅಲ್ಲಿಂದ ನೆಲದ ಮೇಲಿಂದಲೇ ಎಳೆದರೆ ರಸ್ತೆ ಅಗೆಯುವ ಮಾತೇ ಬರುವುದಿಲ್ಲ.

ಹತ್ತು ದಿನದೊಳಗೆ ಆ ಲೈನು ಹಾಕಿಸಿಕೊಡಿ. ಆಗುವುದಿಲ್ಲವಾದರೆ ಹಾಗೆಂದು ಬರೆದು ತಿಳಿಸಿ, ಜೂನ್ 9ರಿಂದ ಲೆಕ್ಕ ಹಾಕಿ ಉಳಿದ ಹಣ ವಾಪಸು ಕೊಟ್ಟು ಪೆಟ್ಟಿಗೆ ತೆಗೆದುಕೊಂಡು ಹೋಗಿ. ಎರಡೂ ಆಗದಿದ್ದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮದಂತೆ ನಿಮ್ಮ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುತ್ತೇನೆ. ಮೂರೂ ದೂರುಗಳ ಡಾಕೆಟ್ ಸಂಖ್ಯೆ, ಹದಿನಾಲ್ಕು ಸಂಜೆಗಳ ಸ್ಪೀಡ್ ಟೆಸ್ಟ್ ಚಿತ್ರಗಳನ್ನು ಇದರ ಜೊತೆ ಇಟ್ಟಿದ್ದೇನೆ.

ಲೈನ್ ಹಾಕುವವರು ಬೆಳಗ್ಗೆ ಒಂಬತ್ತರ ಮೇಲೆ ಬರಲಿ. ಅದಕ್ಕೆ ಮುಂಚೆ ಪಾಠ ನಡೆಯುತ್ತಿರುತ್ತದೆ.

ಇಂತಿ,
ನಿಮ್ಮ ಗ್ರಾಹಕಿ