ಬೇಸ್ ಹುಡುಗ ಮಾತು ಬಿಟ್ಟದ್ದಕ್ಕೆ

ಪ್ರೀತಿಯ ತಮ್ಮ,

ನಿನ್ನ ಪತ್ರ ಬಂದು ಹತ್ತು ದಿನ ಆಯಿತು. ಬ್ಯಾಂಕಿನಲ್ಲಿ ಆಡಿಟ್ ಇತ್ತು, ಅದಕ್ಕೇ ತಡ. ನೀನು ವಿಮರ್ಶೆ ಬರೆದ ಆ ರಾಕ್ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುವ ಹುಡುಗ ನಿನ್ನ ಹತ್ತಿರ ಮಾತು ಬಿಟ್ಟಿದ್ದಾನೆ, ಪಿಯುಸಿಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು ಈಗ ಮಂಗಳೂರಿನ ಹಂಪನಕಟ್ಟೆಯಲ್ಲಿ ಎದುರಿಗೆ ಸಿಕ್ಕಿದರೂ ಮೊಬೈಲ್ ನೋಡಿಕೊಂಡು ಹೋಗುತ್ತಾನೆ ಅಂತ ಬರೆದಿದ್ದೀಯ. "ಅಕ್ಕ, ಸತ್ಯ ಬರೆದದ್ದು ತಪ್ಪಾ?" ಅಂತ ಕೇಳಿದ್ದೀಯ.

ನಿನ್ನ ವಿಮರ್ಶೆ ಎರಡು ಸಲ ಓದಿದೆ ಮಾರಾಯ. ನೀನು ಬರೆದದ್ದು ಸತ್ಯವಾ ಸುಳ್ಳಾ ಅಂತಲೇ ನನಗೆ ಗೊತ್ತಾಗಲಿಲ್ಲ. "ಬ್ಯಾಂಡಿನಲ್ಲಿ ಎನರ್ಜಿ ಸಾಲಲಿಲ್ಲ" ಅಂದಿದ್ದೀಯ. ಯಾವ ಹಾಡಿನಲ್ಲಿ? ಡ್ರಮ್ಮರ್ ತಾಳ ತಪ್ಪಿದನಾ, ಹಾಡುವವಳಿಗೆ ಉಸಿರು ಸಾಲಲಿಲ್ಲವಾ, ಅಥವಾ ನಿನಗೇ ಹಸಿವಾಗಿತ್ತಾ? ಆ ಹುಡುಗನ ಜಾಗದಲ್ಲಿ ನಾನಿದ್ದರೂ ಸಿಟ್ಟು ಬರುತ್ತಿತ್ತು. ಬೈಸಿಕೊಳ್ಳಬಹುದು, ಎಂತಕ್ಕೆ ಬೈದದ್ದು ಅಂತಲೇ ಗೊತ್ತಾಗದಿದ್ದರೆ ಸಂಕಟ.

ನಾನು ವಿಮರ್ಶೆ ಕಲಿತದ್ದು ಅಜ್ಜನ ಮನೆ ಹತ್ತಿರದ ಗದ್ದೆಯಲ್ಲಿ ಯಕ್ಷಗಾನ ಬಯಲಾಟ ಆಗುತ್ತಿತ್ತಲ್ಲ, ಅಲ್ಲಿ. ರಾತ್ರಿ ಎರಡು ಗಂಟೆ ಹೊತ್ತಿಗೆ ಚರುಮುರಿಯವನ ಗ್ಯಾಸ್‌ಲೈಟಿನ ಹತ್ತಿರ ನಾಲ್ಕೈದು ಮಾವಂದಿರು ಬೀಡಿ ಹಚ್ಚಿಕೊಂಡು ನಿಲ್ಲುತ್ತಿದ್ದರು, ನಾನು ಚರುಮುರಿ ಪೊಟ್ಟಣ ಹಿಡಿದುಕೊಂಡು ಅವರ ಮಾತು ಕೇಳುತ್ತಿದ್ದೆ. "ಭಾಗವತರು ಇವತ್ತು ಏರು ಪದ್ಯಕ್ಕೆ ಬೇಗ ಹೋದರು, ಕುಣಿದು ಮುಗಿಸಿದ ಮೇಲೆ ವೇಷದವನಿಗೆ ಅರ್ಥ ಹೇಳಲಿಕ್ಕೆ ಉಸಿರೇ ಇಲ್ಲ." "ಮಂಜು ಬಿದ್ದು ಮದ್ದಳೆ ಶ್ರುತಿ ಇಳಿದಿತ್ತು, ಆಮೇಲೆ ಸರಿ ಮಾಡಿಕೊಂಡರು." ಒಂದೊಂದು ದೂರಿಗೂ ಒಂದು ಜಾಗ ಇತ್ತು, ಒಂದು ಕಾರಣ ಇತ್ತು. ಮರುದಿನ ಅದೇ ಭಾಗವತರು ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಾ ಕೂತಿದ್ದರೆ ಮಾವಂದಿರು ಅದೇ ಮಾತನ್ನು ಮುಖಕ್ಕೇ ಹೇಳುತ್ತಿದ್ದರು. ಯಾರೂ ಮಾತು ಬಿಟ್ಟದ್ದು ನಾನು ನೋಡಿಲ್ಲ.

ಪೇಪರಿನಲ್ಲಿ ಮಾತ್ರ ಅದೇ ಆಟ "ಪ್ರೇಕ್ಷಕರ ಮನಸೂರೆಗೊಂಡಿತು" ಅಂತ ಬರುತ್ತಿತ್ತು. ಮನಸೂರೆ, ಗಾನಸುಧೆ, ಕರ್ಣಾನಂದ, ಕಿಕ್ಕಿರಿದ ಸಭಾಂಗಣ. ಇವುಗಳನ್ನು ನೀನು ಬರೆಯುವುದಿಲ್ಲ, ಸಂತೋಷ. ಆದರೆ ನಿನ್ನ "ಎನರ್ಜಿ", "ವೈಬ್" ಎಲ್ಲ ಅವುಗಳ ಮೊಮ್ಮಕ್ಕಳೇ ಅಲ್ವಾ?

ಸುಮ್ನೆ ಬುದ್ಧಿ ಹೇಳುತ್ತಿದ್ದಾಳೆ ಅಂದುಕೊಳ್ಳಬೇಡ. ನಾನೂ ಇದೇ ಕೆಲಸ ಮಾಡಿದ್ದೇನೆ, ನಿನಗಿಂತ ಕೆಟ್ಟದಾಗಿ. 2004ರಲ್ಲಿ ಒಂದು ಕಾಲೇಜಿನ ಬಯಲಿನಲ್ಲಿ ಹೊಸ ಬ್ಯಾಂಡ್ ಒಂದು ಹಾಡಿತು. ಹಾಡುವ ಹುಡುಗ ಎರಡನೇ ಹಾಡಿನಿಂದ ಶ್ರುತಿ ಬಿಟ್ಟ, ಕಿರುಚಿದ, ಕೊನೆಗೆ ಗಂಟಲು ಒಡೆಯಿತು. "ಬಾತ್‌ರೂಮಿನಲ್ಲಿ ಹಾಡುವವರು ಬಾತ್‌ರೂಮಿನಲ್ಲೇ ಇರಲಿ" ಅಂತ ಬರೆದೆ. ಎಲ್ಲರೂ ನಕ್ಕರು, ನನಗೂ ಖುಷಿ ಆಯಿತು. ಒಂದು ತಿಂಗಳು ಕಳೆದು ಆವತ್ತಿನ ಸೌಂಡಿನವರು ಬಸ್ಸಿನಲ್ಲಿ ಸಿಕ್ಕಿದರು. ಎರಡನೇ ಹಾಡಿಗೆ ಮಾನಿಟರ್ ಹೋಗಿತ್ತಂತೆ. ಸ್ಟೇಜಿನ ಮೇಲೆ ಹಾಡುವವರ ಕಡೆಗೆ ಮುಖ ಮಾಡಿ ಇಡುವ ಸ್ಪೀಕರ್ ಅದು. ಅದು ಸತ್ತರೆ ಹಾಡುವವನಿಗೆ ಹಿಂದಿನ ಡ್ರಮ್ ಮಾತ್ರ ಕೇಳುತ್ತದೆ, ತನ್ನ ಸ್ವರ ಕೇಳುವುದಿಲ್ಲ. ಕಿವಿ ಮುಚ್ಚಿಕೊಂಡು ಹಾಡಿದ ಹಾಗೆ. ಆ ಹುಡುಗ ಆಮೇಲೆ ಹಾಡಿದ್ದು ನಾನು ಎಲ್ಲಿಯೂ ಕೇಳಲಿಲ್ಲ. ನನ್ನಿಂದ ಅಂತ ಹೇಳಲಾರೆ, ಪರೀಕ್ಷೆ ಇದ್ದಿರಬಹುದು, ಕೆಲಸ ಸಿಕ್ಕಿರಬಹುದು. ಆದರೂ ಆ ಸಾಲು ನೆನಪಾದರೆ ಈಗಲೂ ಮೈ ಮುದುಡುತ್ತದೆ.

ಅವತ್ತಿನಿಂದ ನಾನು ಶೋಗೆ ಒಂದು ಗಂಟೆ ಮೊದಲೇ ಹೋಗುತ್ತೇನೆ. ಸೌಂಡ್ ಚೆಕ್ ನೋಡುತ್ತೇನೆ. ಶೋ ಹೊತ್ತಿಗೆ ಮಿಕ್ಸರ್ ಇಟ್ಟ ಮೇಜಿನ ಪಕ್ಕ ನಿಲ್ಲುತ್ತೇನೆ, ಯಾಕೆಂದರೆ ಸೌಂಡಿನವರು ಅಲ್ಲಿ ನಿಂತು ಕೇಳಿಯೇ ಎಲ್ಲ ಸರಿ ಮಾಡುವುದು. ಎದುರು ಸಾಲಿನಲ್ಲಿ ಸ್ಪೀಕರಿಗೆ ಎದೆ ಕೊಟ್ಟು ನಿಂತರೆ ಕುಣಿಯಬಹುದು, ಬರೆಯಲಿಕ್ಕೆ ಕಷ್ಟ. ನಮ್ಮ ಕರಾವಳಿಯ ತೊಂದರೆಗಳೂ ನಿನಗೆ ಗೊತ್ತಿರಬೇಕು. ರಾತ್ರಿ ಶಿರಾಡಿ ಘಾಟಿ ಇಳಿದು ಬಂದ ಬೆಂಗಳೂರಿನ ಬ್ಯಾಂಡಿನ ಗಿಟಾರ್ ಇಲ್ಲಿಯ ಸೆಕೆಗೆ ಎರಡು ಹಾಡಿಗೊಮ್ಮೆ ಶ್ರುತಿ ಬಿಡುತ್ತದೆ. ಪಣಂಬೂರಿನಲ್ಲೋ ಮಲ್ಪೆಯಲ್ಲೋ ಕಡಲ ಬದಿ ಶೋ ಇದ್ದರೆ ಗಾಳಿ ತಿರುಗಿದ ಕೂಡಲೇ ಸಿಂಬಲ್‌ನಂಥ ತೆಳು ಸದ್ದು ಹಾರಿಹೋಗುತ್ತದೆ, ಬರೇ ಗುಡುಗುಡು ಉಳಿಯುತ್ತದೆ. ಆಗ ಹತ್ತು ಹೆಜ್ಜೆ ಆಚೀಚೆ ನಡೆದು ನೋಡು.

ಇನ್ನೊಂದು ನಮ್ಮೂರಿನದ್ದೇ ರೋಗ, ಸಭಾ ಕಾರ್ಯಕ್ರಮ. ದೀಪ, ಸ್ವಾಗತ, ಶಾಲು, ಹಾರ, ಫಲಪುಷ್ಪ, ಸ್ಮರಣಿಕೆ, ಆಮೇಲೆ "ಎರಡೇ ಮಾತು" ಅಂತ ಶುರು ಮಾಡಿ ಇಪ್ಪತ್ತು ನಿಮಿಷ ಮಾತಾಡುವವರು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವ ಹಾಗಿಲ್ಲ. ಸರ್ಕಾರ ವರ್ಷದಲ್ಲಿ ಹೆಚ್ಚೆಂದರೆ 15 ದಿನ 12 ಗಂಟೆವರೆಗೆ ರಿಯಾಯಿತಿ ಕೊಡಬಹುದು. ಹಾಗಾಗಿ ಭಾಷಣ ಉದ್ದ ಆದರೆ ಎಂಟು ಹಾಡಿನ ಬ್ಯಾಂಡ್ ನಾಲ್ಕಕ್ಕೆ ಇಳಿಯುತ್ತದೆ, ಅದೂ ಓಡಿಕೊಂಡು. ಅದನ್ನೂ ಬರೆ. ಓದುವವರಿಗೆ ಗೊತ್ತಾಗಲಿ ಹಾಡು ಎಲ್ಲಿ ಹೋಯಿತು ಅಂತ.

ಈಗ ನನಗೆ ನಿಜವಾಗಿ ಸಿಟ್ಟು ಬಂದ ಸಾಲು. "ರಾಕ್‌ಗೆ ತುಳು ಹೊಂದುವುದಿಲ್ಲ" ಅಂತ ಬರೆದಿದ್ದೀಯ. ಹೊಂದಲಿಲ್ಲ ಅಂತ ಬರೆದಿದ್ದರೆ ಒಪ್ಪುತ್ತಿದ್ದೆ, ಆ ಹಾಡಿನಲ್ಲಿ ಯಾವ ಪದ ತಾಳಕ್ಕೆ ಕೂರಲಿಲ್ಲ ಅಂತ ತೋರಿಸಬಹುದಿತ್ತು. "ಹೊಂದುವುದಿಲ್ಲ" ಅನ್ನಲಿಕ್ಕೆ ನೀನು ಯಾರು, ನಾನು ಯಾರು? ಸ್ಯಾಕ್ಸೊಫೋನ್ ಬ್ಯಾಂಡ್‌ಸೆಟ್ಟಿನವರ ವಾದ್ಯ ಆಗಿತ್ತು. ಬಂಟ್ವಾಳ ತಾಲೂಕಿನ ಸಜಿಪದಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು, ನಾಗಸ್ವರದ ಮನೆಯವರು, ಮೈಸೂರು ಅರಮನೆ ಬ್ಯಾಂಡಿನಲ್ಲಿ ಅದನ್ನು ಕೇಳಿ ಕರ್ನಾಟಕ ಸಂಗೀತಕ್ಕೆ ಹಿಡಿದುಕೊಂಡರು. ಅವರ ಗಮಕ ಕೇಳಿದ ಮೇಲೆ ಯಾರಾದರೂ ಹೊಂದುವುದಿಲ್ಲ ಅಂತಾರಾ? ಭಾಷೆ ವಿಷಯಕ್ಕೆ ಬಂದರೆ, ತಿಂಗಳ ಮೊದಲ ಭಾನುವಾರ ಶಕ್ತಿನಗರದ ಕಲಾಂಗಣಕ್ಕೆ ಹೋಗಿ ಕೂತು ಬಾ. ಕೊಂಕಣಿ ಸಂಸ್ಥೆ ಮಾಂಡ್ ಸೊಭಾಣ್‌ನವರು 2002ರಿಂದ ತಿಂಗಳ ಕಾರ್ಯಕ್ರಮ ನಡೆಸುತ್ತಿದ್ದಾರೆ. ಕೊಂಕಣಿ ಪೂರ್ತಿ ಅರ್ಥ ಆಗದಿದ್ದರೂ ಪರವಾಗಿಲ್ಲ. ಇಂಡಿ (ದೊಡ್ಡ ಕಂಪೆನಿಗಳ ಹಂಗಿಲ್ಲದ ಸ್ವತಂತ್ರ ಸಂಗೀತ) ಅಂದರೆ ಗಿಟಾರ್ ಮಾತ್ರ ಅಂದುಕೊಂಡವರು ಒಂದು ಸಲ ನೋಡಬೇಕಾದ್ದು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಇದರಲ್ಲಿ ದುಡ್ಡಿಲ್ಲ. ನಮ್ಮ ಜಿಲ್ಲೆಯಲ್ಲಿ ಹುಟ್ಟಿದಷ್ಟು ಬ್ಯಾಂಕು ಬೇರೆಲ್ಲಿ ಹುಟ್ಟಿದೆ, ಹಾಗಾಗಿ ನಾನು ಬ್ಯಾಂಕಿಗೆ ಸೇರಿದೆ, ನೀನೂ ಎಲ್ಲಿಗಾದರೂ ಸೇರು. ಆದರೆ ಟಿಕೆಟ್ ಇದ್ದ ಶೋಗೆ ಟಿಕೆಟ್ ತೆಗೆದುಕೊಂಡೇ ಹೋಗು. ಸ್ನೇಹಿತರು ಪಾಸ್ ಕೊಟ್ಟರೆ, ಬೇಡ ಅನ್ನಲಿಕ್ಕೆ ಮುಜುಗರ ಆದರೆ, ಪಾಸಿನಲ್ಲಿ ಹೋದೆ ಅಂತ ಬರೆದುಬಿಡು. "ನೀನೇ ಒಂದು ಪ್ರೆಸ್ ನೋಟ್ ಬರೆದು ಕೊಡು ಮಾರಾಯ" ಅಂತ ಬಂದೇ ಬರುತ್ತಾರೆ. ಬೇಕಾದರೆ ಬರೆದು ಕೊಡು, ಆಮೇಲೆ ಆ ಬ್ಯಾಂಡಿನ ವಿಮರ್ಶೆಗೆ ಕೈ ಹಾಕಬೇಡ. ನಾನು ಎರಡೂ ಮಾಡಲಿಕ್ಕೆ ಹೋಗಿ ಎರಡೂ ಕಡೆಯಿಂದ ಬೈಸಿಕೊಂಡಿದ್ದೇನೆ.

ಊರು ಸಣ್ಣದು, ಇಲ್ಲಿ ಕೂತು ಬರೆದರೆ ಯಾರು ಓದುತ್ತಾರೆ ಅಂತ ಕೊನೆಯಲ್ಲಿ ಕೇಳಿದ್ದೀಯ. 1993ರಲ್ಲಿ ಅಮಿತ್ ಸೈಗಲ್ ರಾಕ್ ಸ್ಟ್ರೀಟ್ ಜರ್ನಲ್ ಅನ್ನುವ ರಾಕ್ ಸಂಗೀತದ ಪತ್ರಿಕೆ ಶುರು ಮಾಡಿದ್ದು ಅಲಹಾಬಾದಿನಲ್ಲಿ. ಮುಂಬೈ ಬಿಟ್ಟು ಅಲಹಾಬಾದ್! ಕೈಯಿಂದ ಕೈಗೆ ದಾಟಿ ಅಂಚು ಹರಿದ ಅದರ ಒಂದು ಸಂಚಿಕೆ ನಮ್ಮ ಹಾಸ್ಟೆಲ್ಲಿಗೂ ಬಂದಿತ್ತು, ಅದನ್ನು ಓದಿಯೇ ನನಗೆ ಬರೆಯುವ ಹುಚ್ಚು ಹಿಡಿದದ್ದು. ನಮ್ಮ ಕಡೆ ಬ್ಯಾಂಡುಗಳ ಆಯುಸ್ಸು ಎಷ್ಟು ಅಂತ ನಿನಗೇ ಗೊತ್ತು. ಬೆಂಗಳೂರಿನ ಥರ್ಮಲ್ ಆಂಡ್ ಎ ಕ್ವಾರ್ಟರ್ ಬ್ಯಾಂಡ್ 1996ರಲ್ಲಿ ಶುರುವಾಗಿ ದಶಕಗಟ್ಟಲೆ ಉಳಿಯಿತು. ಇಲ್ಲಿ ಡ್ರಮ್ಮರ್ ದುಬೈಗೆ ಹೋದ, ಗಿಟಾರಿನವಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು, ಬ್ಯಾಂಡ್ ಮುಗಿಯಿತು. ಸರಿಯಾದ ರೆಕಾರ್ಡಿಂಗ್ ಸಹ ಇರುವುದಿಲ್ಲ. ಅದಕ್ಕೇ ತಾರೀಕು, ಜಾಗ, ಯಾರು ಎಂತ ನುಡಿಸಿದರು, ಯಾವ ಹಾಡು ಸ್ವಂತದ್ದು, ಯಾವುದು ಬೇರೆಯವರದ್ದು, ಇಷ್ಟನ್ನು ತಪ್ಪಿಲ್ಲದೆ ಬರೆ. ನಿನ್ನ ಅಭಿಪ್ರಾಯ ನಾಳೆ ಬದಲಾದರೂ ಅದು ಉಳಿಯುತ್ತದೆ.

ಹಾಂ, ಕಿವಿ. ಇಯರ್‌ಪ್ಲಗ್ ಹಾಕಿಕೋ, ಯಾರು ನಕ್ಕರೂ ಹಾಕಿಕೋ. 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು ಅಂತ ಒಂದು ಲೆಕ್ಕ ಉಂಟು, 3 ಡೆಸಿಬಲ್ ಏರಿದ ಹಾಗೆ ಸಮಯ ಅರ್ಧ ಆಗುತ್ತಾ ಹೋಗುತ್ತದೆ, 100ಕ್ಕೆ ಬರುವಾಗ ಬರೇ 15 ನಿಮಿಷ. ರಾಕ್ ಶೋ ಸುಲಭದಲ್ಲಿ ನೂರು ಮುಟ್ಟುತ್ತದೆ. ನನ್ನ ಬಲಗಿವಿಯಲ್ಲಿ ಏಳು ವರ್ಷದಿಂದ ಗುಂಯ್ ಅನ್ನುತ್ತಾ ಇದೆ. ರಾತ್ರಿ ಮಳೆ ಬಂದರೆ ಮಾತ್ರ ಮರೆತುಹೋಗುತ್ತದೆ.

ಬೇಸ್ ಹುಡುಗನ ವಿಷಯಕ್ಕೆ ಬರುತ್ತೇನೆ. ನೀನು ಕಳಿಸಿದ ರೆಕಾರ್ಡಿಂಗ್ ಕೇಳಿದೆ. ಮೊಬೈಲ್ ಸ್ಪೀಕರಿನಲ್ಲಿ ಬೇಸ್ ಸರಿ ಕೇಳುವುದಿಲ್ಲ ಅಂತ ಹೆಡ್‌ಫೋನ್ ಹಾಕಿ ಇನ್ನೊಮ್ಮೆ ಕೇಳಿದೆ. ನಾಲ್ಕು ಹಾಡಿನವರೆಗೆ ಬೇಸ್ ಉಂಟು, ಚೆನ್ನಾಗಿಯೂ ಉಂಟು. ಐದನೇ ಹಾಡಿನಿಂದ ಇಲ್ಲವೇ ಇಲ್ಲ. ವಯರ್ ಹೋಗಿತ್ತೋ ಏನೋ, ಸೌಂಡಿನವರು ಗಮನಿಸಲಿಲ್ಲವೋ ಏನೋ, ಅವನು ಸ್ಟೇಜಿನಲ್ಲಿ ಕೊನೆಯವರೆಗೆ ನುಡಿಸುತ್ತಲೇ ಇದ್ದಿರಬಹುದು. ನಿನಗೆ ಎಂತದೋ ಸಾಲಲಿಲ್ಲ ಅನಿಸಿದ್ದು ಇದೇ ಇರಬೇಕು. ನಿನ್ನ ಕಿವಿ ಸರಿ ಉಂಟು, ಕೇಳಿದ್ದಕ್ಕೆ ಹೆಸರು ಸಿಗಲಿಲ್ಲ ಅಷ್ಟೆ. ಅವನ ಹತ್ತಿರ ಹೋಗು. ಕ್ಷಮೆ ಕೇಳಬೇಕಾಗಿಲ್ಲ, ಐದನೇ ಹಾಡಿಗೆ ಎಂತ ಆಯಿತು ಅಂತ ಕೇಳು. ಅವನು ಹೇಳಿದ್ದನ್ನು ನನಗೂ ಬರೆದು ತಿಳಿಸು.

ನಿನ್ನ ಅಕ್ಕ