ಫಿಸಿಯೋಥೆರಪಿ ಬಿಟ್ಟೆನೆಂದ ಮಗಳಿಗೆ

ಚಿ. ಸುಮಾಳಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ನೀನು ಮಾತಿನ ನಡುವೆಯೇ ಫೋನ್ ಇಟ್ಟದ್ದರಿಂದ ಉಳಿದದ್ದನ್ನು ಬರೆಯುತ್ತಿದ್ದೇನೆ. ಫಿಸಿಯೋಥೆರಪಿ ನಿಲ್ಲಿಸಿದ್ದಕ್ಕಿಂತಲೂ ಅದಕ್ಕೆ ನೀನು ಕೊಟ್ಟ ಕಾರಣ ನನ್ನನ್ನು ಹೆಚ್ಚು ಕಾಡುತ್ತಿದೆ. ಕಾಲು ಈಗಲೇ ಚೆನ್ನಾಗಿ ಮಡಚಿದರೆ ಸರ್ಟಿಫಿಕೇಟಿನಲ್ಲಿ ಬರೆಯುವ ಊನದ ಪರ್ಸೆಂಟೇಜು ಇಳಿದು ಪರಿಹಾರವೂ ಇಳಿಯುತ್ತದೆ ಎಂದು ಕೋರ್ಟಿನ ಆವರಣದಲ್ಲಿ ಸಿಕ್ಕ ಯಾವನೋ ಮಧ್ಯವರ್ತಿ ಹೇಳಿದ ಮಾತು, ಆಪರೇಷನ್ ಮಾಡಿದ ಡಾಕ್ಟರ ಮಾತಿಗಿಂತ ದೊಡ್ಡದಾಯಿತೇ? ಆಟೋ ಗುದ್ದಿ ರಸ್ತೆಯಲ್ಲಿ ಬಿದ್ದಿದ್ದಾಗಲೂ ಅದರ ನಂಬರನ್ನು ನೆನಪಿಟ್ಟುಕೊಂಡು ಪೊಲೀಸರಿಗೆ ಹೇಳಿಕೆ ಕೊಟ್ಟವಳು ನೀನು. ನಮ್ಮ ಬೀದಿಯಲ್ಲಿ ಆ ಸಂಗತಿಯನ್ನು ನನ್ನಿಂದ ಕೇಳದವರಿಲ್ಲ.

ನಾನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಸಾಕ್ಷ್ಯ ಬೆರಳಚ್ಚು ಮಾಡುತ್ತಿದ್ದಾಗ ಒಬ್ಬ ದರ್ಜಿಯ ಕೇಸು ಬಂದಿತ್ತು. ಅವನಿಗೂ ಮೊಣಕಾಲಿನ ಕೆಳಗೇ ಮೂಳೆ ಮುರಿದು ಪ್ಲೇಟು ಹಾಕಿದ್ದರು. ಹೊಲಿಗೆ ಯಂತ್ರ ತುಳಿಯಲು ಅವನಿಂದ ಆಗದೆಂಬುದು ನೋಡಿದವರಿಗೆಲ್ಲ ತಿಳಿಯುತ್ತಿತ್ತು. ವಿಮಾ ಕಂಪನಿಯ ವಕೀಲರು ಪಾಟೀಸವಾಲಿನಲ್ಲಿ ದನಿಯನ್ನೂ ಏರಿಸಲಿಲ್ಲ. ಡಿಸ್ಚಾರ್ಜ್ ಸಮ್ಮರಿಯನ್ನು ಅವನ ಕೈಗೇ ಕೊಟ್ಟು, ಫಿಸಿಯೋಥೆರಪಿ ಮಾಡಿಸಬೇಕೆಂದಿದ್ದ ಸಾಲನ್ನು ಓದಿಸಿ, ಮಾಡಿಸಿದ ಚೀಟಿಗಳೆಲ್ಲಿ ಎಂದರು. ಹಣವಿರಲಿಲ್ಲ ಎಂದ. ಅದನ್ನು ಡಾಕ್ಟರಿಗೆ ತಿಳಿಸಿದಿರಾ ಎಂದರು. ಇಲ್ಲ ಎಂದ. ‘ನನ್ನ ನಿರ್ಲಕ್ಷ್ಯದಿಂದಲೇ ಕಾಲು ಬಿಗಿದಿದೆ ಎಂದರೆ ಸರಿಯಲ್ಲ’ ಎಂಬ ಅವನ ಉತ್ತರವನ್ನು ನಾನೇ ಬೆರಳಚ್ಚು ಮಾಡಿದೆ. ಅವನಿಗೆ ಎಷ್ಟು ಪರಿಹಾರ ಸಿಕ್ಕಿತೋ ಮರೆತಿದ್ದೇನೆ. ಸಾಕ್ಷಿ ಕಟ್ಟೆಯಿಂದ ಇಳಿಯುವಾಗ ಮಡಚಲಾಗದ ಆ ಕಾಲನ್ನು ಪಕ್ಕಕ್ಕೆ ಬೀಸಿ ಇಟ್ಟದ್ದು ಮಾತ್ರ ಮರೆತಿಲ್ಲ. ಹಣವಿಲ್ಲವೆಂದು ಒಂದು ಮಾತು ಹೇಳಿದ್ದರೆ ಆ ಡಾಕ್ಟರು ಸರ್ಕಾರಿ ಆಸ್ಪತ್ರೆಗೆ ಬರೆದುಕೊಡುತ್ತಿದ್ದರೇನೋ, ಮನೆಯಲ್ಲೇ ಮಾಡುವ ವ್ಯಾಯಾಮ ತೋರಿಸುತ್ತಿದ್ದರೇನೋ, ಕನಿಷ್ಠ ಚೀಟಿಯಲ್ಲಿ ಕಾರಣವಾದರೂ ಇರುತ್ತಿತ್ತು. ನಿನ್ನೆ ರಾತ್ರಿಯೆಲ್ಲ ನನಗೆ ಅದೇ ಯೋಚನೆ. ಅವನಿಗಾದರೂ ಹಣದ ಅಡಚಣೆಯಿತ್ತು, ನಿನಗೇನಿದೆ?

ಆ ಮಧ್ಯವರ್ತಿಯ ಲೆಕ್ಕ ಕಾನೂನಿನಲ್ಲೂ ನಿಲ್ಲುವುದಿಲ್ಲ. ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟು, ಒಂದು ಅಂಗದ ಊನದ ಶೇಕಡಾವಾರನ್ನು ಹಾಗೆಯೇ ಗಳಿಕೆಯ ನಷ್ಟವೆಂದು ಎಣಿಸಲಾಗದು, ಆ ಊನ ಗಾಯಾಳುವಿನ ದುಡಿಮೆಗೆ ಎಷ್ಟು ಅಡ್ಡಿಯಾಯಿತೆಂಬುದನ್ನು ನೋಡಬೇಕು ಎಂದಿದೆ. ಚಿಕಿತ್ಸೆಯನ್ನೇ ನೀಡದ ಡಾಕ್ಟರು ಸರಿಯಾಗಿ ಪರೀಕ್ಷಿಸದೆ ಬರೆದುಕೊಡುವ ಸಿದ್ಧ ಸರ್ಟಿಫಿಕೇಟುಗಳ ಬಗ್ಗೆ ಎಚ್ಚರವಿರಲೆಂದು ನ್ಯಾಯಮಂಡಳಿಗಳಿಗೆ ಹೇಳಿರುವುದೂ ಅದೇ ತೀರ್ಪು. ಆ ಮಧ್ಯವರ್ತಿ ಕೊಡಿಸುತ್ತೇನೆ ಎಂದನಲ್ಲ, ಅಂಥದ್ದೇ ಸರ್ಟಿಫಿಕೇಟು. ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವ ನಿನಗೆ ಬಿಗಿದ ಮೊಣಕಾಲಿನಿಂದ ಗಳಿಕೆ ಹೆಚ್ಚೇನೂ ತಗ್ಗದು ಎಂದು ಎದುರಿನವರು ವಾದಿಸದೆ ಬಿಡುತ್ತಾರೆಯೇ? ಬಸ್ಸಿನ ಮೆಟ್ಟಿಲು ಹತ್ತಬೇಕಾದವಳು ನೀನು, ಆ ಮಧ್ಯವರ್ತಿಯಲ್ಲ.

ಇದು ಉಪದೇಶವಾಗುತ್ತಿದೆಯೆಂದು ಗೊತ್ತು. ನಿನ್ನ ಅಮ್ಮನೂ ಇದನ್ನು ಓದಿ ‘ತೀರ್ಪು ಬರೆಯುತ್ತಿದ್ದೀರಾ’ ಎಂದಳು. ಆದರೂ ಇಷ್ಟು ಕೇಳು. ವ್ಯಾಯಾಮ ಮಾಡಿಸುವಾಗ ತಡೆಯಲಾರದಷ್ಟು ನೋವಾದರೆ ನೀನೇ ನಿಲ್ಲಿಸಬೇಡ. ಡಾಕ್ಟರಿಗೆ ಹೇಳು, ಅವರು ಏನು ಬದಲಾಯಿಸಿದರೂ ಒಪಿಡಿ ಚೀಟಿಯಲ್ಲಿ ಬರೆಸಿಕೊ. ತಿಂಗಳುಗಟ್ಟಲೆ ಮಡಚದೆ ಬಿಟ್ಟ ಮೊಣಕಾಲನ್ನು ಆಮೇಲೆ ಅರಿವಳಿಕೆ ಕೊಟ್ಟು ಮಡಚಿಸಬೇಕಾಗಬಹುದು. ಫಿಸಿಯೋಥೆರಪಿಗೆ ಹೋಗಲಾಗದ ದಿನವಿದ್ದರೆ ಮೊದಲೇ ತಿಳಿಸಿ ಬೇರೆ ದಿನ ಕೇಳು. ಆಫೀಸಿನವರು ಕರೆದರೆಂದು ಡಾಕ್ಟರು ಒಪ್ಪುವ ಮುನ್ನ ಕೆಲಸಕ್ಕೆ ಹೋಗಬೇಡ. ಬಿಲ್ಲು, ಎಕ್ಸ್‌ರೇ, ರಜೆಯ ಪತ್ರ, ಸಂಬಳದ ಚೀಟಿ ಎಲ್ಲವನ್ನೂ ತಾರೀಖಿನಂತೆ ಜೋಡಿಸಿಡು. ಪರಿಹಾರ ಕೇಳಿ ಅರ್ಜಿ ಹಾಕಲು 2022ರ ಏಪ್ರಿಲ್ 1ರಿಂದ ಬಂದ 6 ತಿಂಗಳ ಗಡುವಿನೊಳಗೇ ನಿನ್ನ ಅರ್ಜಿ ದಾಖಲಾಗಿರುವುದರಿಂದ ಆ ಚಿಂತೆ ಬೇಡ.

ಫೋನಿನಲ್ಲಿ ದನಿಯೇರಿಸಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡ, ಮಗಳೇ. ಹೇಳಿದ ಮಾತನ್ನು ಮಾತ್ರ ಹಿಂತೆಗೆದುಕೊಳ್ಳಲಾರೆ.

ಅಮ್ಮ ಭಾನುವಾರ ಸಂಜೆಯ ಬಸ್ಸಿಗೆ ಹೊರಡುತ್ತಾಳೆ. ಸೋಮವಾರ ಅವಳನ್ನು ಜೊತೆಗೆ ಕರೆದುಕೊಂಡು ಡಾಕ್ಟರನ್ನು ಕಾಣು. ನಡುವೆ ಯಾಕೆ ತಪ್ಪಿಸಿದೆ ಎಂದು ಕೇಳಿದರೆ ಇದ್ದದ್ದನ್ನು ಇದ್ದಂತೆ ಹೇಳು. ಆ ದಿನದ ಚೀಟಿಯ ಫೋಟೋ ತೆಗೆದು ನನಗೂ ವಕೀಲರಿಗೂ ಕಳುಹಿಸು.

ಇಂತಿ,
ನಿನ್ನ ಅಪ್ಪ